ಕಾಡು ಮತ್ತು ದ್ವೀಪಗಳಲ್ಲಿ ಶೂಟಿಂಗ್: ಲೊಕೇಶನ್ ಆರಿಸುವುದು ಹೇಗೆ?

ಕಬಿನಿ ಹಿನ್ನೀರಿನ ಅಂಚಿನಲ್ಲಿ ಆನೆ ಹಿಂಡು ಮೇಯುತ್ತಿರುವ ಫೋಟೊ ನೋಡಿ, "ನಮ್ಮ ಕ್ಲೈಮ್ಯಾಕ್ಸ್ ಇಲ್ಲೇ" ಅಂತ ತೀರ್ಮಾನ ಮಾಡಿಬಿಡುವವರು ಬಹಳ ಜನ. ಆ ಫೋಟೊ ಏಪ್ರಿಲ್‌ನದ್ದು. ಹೀರೊ ಕಾಲ್‌ಶೀಟ್ ಸಿಕ್ಕಿದ್ದು ಅಕ್ಟೋಬರ್‌ಗೆ. ಯೂನಿಟ್ ಹೋಗಿ ನೋಡಿದರೆ ಆ ಹುಲ್ಲುಗಾವಲು ನೀರಿನ ಕೆಳಗೆ, ಆನೆಗಳು ಕಾಡಿನ ಒಳಗೆ.

ಕಿರುಚಿತ್ರ, ಸಾಕ್ಷ್ಯಚಿತ್ರ, ಸಿನಿಮಾ, ವೆಬ್ ಸರಣಿ ಏನೇ ಮಾಡುತ್ತಿರಲಿ, ಕಾಡು ಅಥವಾ ದ್ವೀಪದ ಲೊಕೇಶನ್ ಹುಡುಕುತ್ತಿರುವವರಿಗೆ ಈ ಬರಹ. ಹೆಚ್ಚಿನ ಉದಾಹರಣೆಗಳು ಕರ್ನಾಟಕದವು. ನನ್ನ ಮಾತು ಒಂದೇ: ಕಾಡು ಮತ್ತು ದ್ವೀಪ ನಮ್ಮ ಸೀನ್‌ಗೆ ತಕ್ಕಂತೆ ಬದಲಾಗುವುದಿಲ್ಲ, ಬದಲಾಯಿಸಲೂಬಾರದು. ಸೀನನ್ನೇ ಜಾಗಕ್ಕೆ ತಕ್ಕಂತೆ ಬರೆದುಕೊಳ್ಳಬೇಕು. ಕಾಡಿಗೂ ಅದೇ ಒಳ್ಳೆಯದು, ನಿರ್ಮಾಪಕರ ದುಡ್ಡಿಗೂ ಅದೇ ಒಳ್ಳೆಯದು.

ಹೆಜ್ಜೆ 1: ಸ್ಕ್ರಿಪ್ಟ್ ಒಡೆಯಿರಿ

ಲೊಕೇಶನ್ ಹುಡುಕಲು ಹೊರಡುವ ಮೊದಲು ಸ್ಕ್ರಿಪ್ಟ್ ಹಿಡಿದು ಕೂರಿ. ಕಾಡಿನ ಪ್ರತಿ ಸೀನನ್ನೂ ಶಾಟ್‌ಗಳಾಗಿ ಬಿಡಿಸಿ. ಆಮೇಲೆ ಒಂದೊಂದು ಶಾಟ್‌ಗೂ ಒಂದೇ ಪ್ರಶ್ನೆ ಹಾಕಿ: ಇದಕ್ಕೆ ನಿಜವಾದ ಅಭಯಾರಣ್ಯ ಬೇಕೇ ಬೇಕಾ, ಅಥವಾ ಕಾಡಿನಂತೆ ಕಂಡರೆ ಸಾಕಾ?

ಉದಾಹರಣೆಗೆ, ನಾಯಕಿ ಕಾಡಿನ ದಾರಿಯಲ್ಲಿ ನಡೆಯುತ್ತಾಳೆ, ಆನೆ ಎದುರಾಗುತ್ತದೆ, ಅವಳು ಮರದ ಹಿಂದೆ ಅಡಗುತ್ತಾಳೆ. ಇದರಲ್ಲಿ ಆನೆ ಇರುವ ಶಾಟ್‌ಗಳು ಎರಡೋ ಮೂರೋ. ಉಳಿದವೆಲ್ಲ ನಾಯಕಿ, ಮರ, ಎಲೆ, ಉಸಿರು. ಆನೆಯನ್ನು ಅಭಯಾರಣ್ಯದಲ್ಲಿ ಮೂರೇ ಜನರ ಚಿಕ್ಕ ತಂಡ ಜೀಪಿನಿಂದ ಚಿತ್ರಿಸಬಹುದು. ನಾಯಕಿ, ಮೇಕಪ್, ಲೈಟ್, ಊಟದ ವ್ಯಾನು ಇರುವ ದೊಡ್ಡ ಯೂನಿಟ್ ಕಾಡಿನ ಹೊರಗಿನ ಖಾಸಗಿ ತೋಟದಲ್ಲಿ ಕೆಲಸ ಮಾಡಬಹುದು. ಎಡಿಟಿಂಗ್‌ನಲ್ಲಿ ಎರಡೂ ಒಂದಾಗುತ್ತವೆ.

ಇದು ಸರಿಯಾಗಿ ಕೂಡಬೇಕಾದರೆ ಮೊದಲು ಪ್ರಾಣಿಯ ಶಾಟ್ ತೆಗೆಯಿರಿ, ಆಮೇಲೆ ನಟರದ್ದು. ಉಲ್ಟಾ ಮಾಡಬೇಡಿ. ಆನೆ ಯಾವ ಕಡೆಯಿಂದ ಬಂತು, ಬಿಸಿಲು ಯಾವ ಕಡೆ ಇತ್ತು, ಎಷ್ಟು ಗಂಟೆ, ಯಾವ ಲೆನ್ಸ್, ಕ್ಯಾಮೆರಾ ನೆಲದಿಂದ ಎಷ್ಟು ಎತ್ತರದಲ್ಲಿತ್ತು, ಎಲ್ಲವನ್ನೂ ಅಲ್ಲೇ ಬರೆದುಕೊಳ್ಳಿ. ನಟಿಗೆ "ಎಡಕ್ಕೆ ನೋಡು" ಅಂತ ಹೇಳಬಹುದು, ಆನೆಗೆ ಹೇಳಲಾಗುವುದಿಲ್ಲ.

ಹೊರಗಿನ ಜಾಗ ಆರಿಸುವಾಗ ಗಿಡಮರ ಗಮನಿಸಿ. ಇಲ್ಲಿಯೇ ಎಷ್ಟೋ ಚಿತ್ರಗಳು ಎಡವುತ್ತವೆ. ಬಂಡೀಪುರದ್ದು ಒಣ ಎಲೆಯುದುರುವ ಕಾಡು. ಅದರ ಶಾಟ್ ಆದ ಮೇಲೆ ಕೊಡಗಿನ ಕಾಫಿ ತೋಟ ತೋರಿಸಿದರೆ, ಸಾಲಾಗಿ ನಿಂತ ಸಿಲ್ವರ್ ಓಕ್ ಮತ್ತು ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಗುಟ್ಟು ಬಿಟ್ಟುಕೊಡುತ್ತವೆ. ಕಾಡು ಬಲ್ಲವರಿಗೆ ಅದು ತಕ್ಷಣ ಕಾಣುತ್ತದೆ. ನಾಗರಹೊಳೆಯಲ್ಲಿ ಹಳೆಯ ತೇಗದ ನೆಡುತೋಪುಗಳಿವೆ. ಹಾಗಾಗಿ ಹೊರಗಿನ ತೇಗದ ತೋಟದ ಜೊತೆ ಹೊಂದಿಸುವುದು ಸುಲಭ. ನೆಲದ ಮಣ್ಣಿನ ಬಣ್ಣವನ್ನೂ ಹೋಲಿಸಿ ನೋಡಿ.

ಹೆಜ್ಜೆ 2: ಜಾಗ ಯಾರದ್ದು ಅಂತ ತಿಳಿಯಿರಿ

ಹಸಿರಾಗಿ ಕಾಣುವುದೆಲ್ಲ ಒಂದೇ ಕಾನೂನಿಗೆ ಬರುವುದಿಲ್ಲ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಮೀಸಲು, ಮೀಸಲು ಅರಣ್ಯ, ಕಂದಾಯ ಭೂಮಿ, ಖಾಸಗಿ ತೋಟ, ಇವೆಲ್ಲ ಪಕ್ಕಪಕ್ಕದಲ್ಲೇ ಇರುತ್ತವೆ. ರಸ್ತೆಯ ಈ ಕಡೆ ಒಂದು ನಿಯಮ, ಆ ಕಡೆ ಇನ್ನೊಂದು.

ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅದರ 28ನೇ ಸೆಕ್ಷನ್ ಪ್ರಕಾರ ಅನುಮತಿ ಕೊಡುವವರು ಮುಖ್ಯ ವನ್ಯಜೀವಿ ಪರಿಪಾಲಕರು. 2022ರ ತಿದ್ದುಪಡಿಯಲ್ಲಿ ಫೋಟೊಗ್ರಫಿಯ ಜೊತೆ ಚಿತ್ರೀಕರಣವನ್ನೂ ಸೇರಿಸಿದರು. ಆದರೆ ಷರತ್ತು ಸ್ಪಷ್ಟ: ಆವಾಸಸ್ಥಾನದಲ್ಲಿ ಏನೂ ಬದಲಾವಣೆ ಮಾಡಬಾರದು, ಅದಕ್ಕಾಗಲಿ ಪ್ರಾಣಿಗಳಿಗಾಗಲಿ ಕೆಟ್ಟ ಪರಿಣಾಮ ಆಗಬಾರದು. ಅಂದರೆ ಸೆಟ್ ಹಾಕುವುದು, ಕೊಂಬೆ ಕಡಿಯುವುದು, ಬೆಂಕಿ ಹಚ್ಚುವುದು, ಹೊಗೆ ಬಿಡುವುದು, ಇವೆಲ್ಲವನ್ನೂ ಆ ಜಾಗದ ಪಟ್ಟಿಯಿಂದ ಈಗಲೇ ಹೊಡೆದುಹಾಕಿ. ಸ್ಕ್ರಿಪ್ಟ್‌ನಲ್ಲಿ ಕ್ಯಾಂಪ್‌ಫೈರ್ ಇದ್ದರೆ ಅದು ಖಾಸಗಿ ಜಾಗಕ್ಕೆ ಹೋಗಲಿ.

ನಿಯಮ ಯಾಕೆ ಇಷ್ಟು ಬಿಗಿ ಅಂತ ಕೇಳುವವರಿಗೆ ಥಾಯ್ಲೆಂಡಿನ ಮಾಯಾ ಬೇ ನೆನಪಿಸುತ್ತೇನೆ. ಅದು ಫಿ ಫಿ ಲೇ ದ್ವೀಪದ ಕಡಲತೀರ, ರಾಷ್ಟ್ರೀಯ ಉದ್ಯಾನದ ಒಳಗಿದೆ. 1999ರಲ್ಲಿ ಹಾಲಿವುಡ್ ತಂಡವೊಂದು ಅಲ್ಲಿ ಶೂಟಿಂಗ್ ಮಾಡಿತು. ಕಡಲತೀರ ಇನ್ನೂ ಚೆನ್ನಾಗಿ ಕಾಣಲಿ ಅಂತ ಮರಳಿನ ದಿಬ್ಬಗಳನ್ನು ಸಮ ಮಾಡಿ, ಅಲ್ಲಿ ಇಲ್ಲದ ತೆಂಗಿನ ಮರಗಳನ್ನು ತಂದು ನೆಟ್ಟಿತು. ದಿಬ್ಬದ ಮರಳನ್ನು ಹಿಡಿದಿಟ್ಟಿದ್ದ ಗಿಡಗಳು ಹೋದವು. ಕೋರ್ಟ್ ಕೇಸು 2022ರವರೆಗೂ ಎಳೆಯಿತು. ಚಿತ್ರ ನೋಡಿ ಬಂದ ಪ್ರವಾಸಿಗರ ದಂಡಿನಿಂದ ಹವಳವೂ ಹಾಳಾಯಿತು. ಕೊನೆಗೆ 2018ರಲ್ಲಿ ಆ ಕಡಲತೀರವನ್ನೇ ಮುಚ್ಚಬೇಕಾಯಿತು. ಮತ್ತೆ ತೆರೆದದ್ದು 2022ರ ಜನವರಿಯಲ್ಲಿ. ಒಂದು ಫ್ರೇಮ್ ಚೆಂದ ಕಾಣಲಿ ಅಂತ ಮಾಡಿದ ಕೆಲಸ ಅದು.

ಹೆಜ್ಜೆ 3: ತಿಂಗಳು ಮೊದಲು, ಜಾಗ ಆಮೇಲೆ

ಶೂಟಿಂಗ್ ಯಾವ ತಿಂಗಳು ಅನ್ನುವುದು ಗಟ್ಟಿಯಾಗದೆ ಲೊಕೇಶನ್ ಗಟ್ಟಿ ಮಾಡಬೇಡಿ. ಮಾರ್ಚ್‌ನಿಂದ ಮೇವರೆಗೆ ಕಬಿನಿ ಜಲಾಶಯದ ನೀರು ಇಳಿದು, ತೆರೆದ ನೆಲದಲ್ಲಿ ಹುಲ್ಲು ಚಿಗುರುತ್ತದೆ. ಕಾಡಿನ ಕೆರೆಗಳು ಒಣಗಿರುವುದರಿಂದ ಆನೆಗಳು ಅಲ್ಲಿಗೆ ಬರುತ್ತವೆ. ಪ್ರಾಣಿ ಕಾಣಲು ಒಳ್ಳೆಯ ಕಾಲ, ಆದರೆ ಮರಗಳು ಬೋಳು. ನಿಮ್ಮ ಕಥೆಗೆ ಹಸಿರು ಬೇಕಿದ್ದರೆ ಜೂನ್ ನಂತರ ನೋಡಿ. ಆಗ ಪೊದೆ ಬೆಳೆದಿರುತ್ತದೆ, ಪ್ರಾಣಿ ಕಾಣುವುದು ಕಡಿಮೆ. ಎರಡೂ ಒಟ್ಟಿಗೆ ಸಿಗುವುದು ಅಪರೂಪ.

ಬೇಸಿಗೆಯಲ್ಲಿ ಇನ್ನೊಂದು ವಿಷಯ. ಫೆಬ್ರವರಿಯಿಂದ ಕಾಡ್ಗಿಚ್ಚಿನ ಕಾಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೇಗೆ ಉರಿಯಿತು ಅಂತ ಎಲ್ಲರಿಗೂ ನೆನಪಿದೆ. ಆ ತಿಂಗಳುಗಳಲ್ಲಿ ಅರಣ್ಯ ಸಿಬ್ಬಂದಿ ಹಗಲು ರಾತ್ರಿ ಬೆಂಕಿ ಕಾಯುವ ಕೆಲಸದಲ್ಲಿರುತ್ತಾರೆ. ನಿಮ್ಮ ಯೂನಿಟ್ ಜೊತೆ ಬರಲು ವಾಚರ್ (ಅರಣ್ಯ ಕಾವಲುಗಾರ) ಸಿಗದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಅವರ ಕೆಲಸ ನಿಮ್ಮ ಶೂಟಿಂಗ್‌ಗಿಂತ ದೊಡ್ಡದು.

ಮಲೆನಾಡಿನಲ್ಲಿ ಮಳೆಗಾಲವೆಂದರೆ ಉಂಬಳ (ಜಿಗಣೆ), ಬೇಸಿಗೆಯೆಂದರೆ ಉಣ್ಣೆ (ಮೈಗೆ ಅಂಟಿ ರಕ್ತ ಹೀರುವ ಪುಟ್ಟ ಹುಳು). ಉಣ್ಣೆಯ ಮಾತು ಹಗುರ ಮಾಡಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಡಿಸೆಂಬರ್‌ನಿಂದ ಮೇವರೆಗೆ ಅಪಾಯ ಜಾಸ್ತಿ. ಶಿವಮೊಗ್ಗ, ಉತ್ತರ ಕನ್ನಡದ ಕಾಡು ಆರಿಸುವ ಮುನ್ನ ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಮಂಗ ಸತ್ತ ಸುದ್ದಿ ಇರುವ ಜಾಗವನ್ನು ಸುಮ್ನೆ ಬಿಟ್ಟುಬಿಡಿ.

ಹೆಜ್ಜೆ 4: ಹೆಸರು ನೋಡಿ ಕಾಡು ಆರಿಸಬೇಡಿ

ಕಾಡು ಅಂದ ಕೂಡಲೇ ಎಲ್ಲರೂ ಬಂಡೀಪುರ, ನಾಗರಹೊಳೆ ಅನ್ನುತ್ತಾರೆ. ಎರಡೂ ಹುಲಿ ಮೀಸಲು, ನಿಯಮ ಬಿಗಿ, ಪ್ರವಾಸಿಗರೂ ಬಹಳ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ, 2009ರಿಂದ. ಗುಂಡ್ಲುಪೇಟೆಯಲ್ಲಿ ಉಳಿದು ಮುಂಜಾನೆ 4ಕ್ಕೆ ಆ ಕಡೆ ದಾಟುತ್ತೇವೆ ಅನ್ನುವ ಪ್ಲಾನ್ ನಡೆಯುವುದಿಲ್ಲ. ಜೊತೆಗೆ ಅಲ್ಲಿ ಲಂಟಾನ ಅನ್ನುವ ಕಳೆ ಪೊದೆ ಎಷ್ಟು ಹಬ್ಬಿದೆಯೆಂದರೆ ರಸ್ತೆಯಿಂದ ಹತ್ತು ಅಡಿ ಒಳಗಿನ ಪ್ರಾಣಿ ಕಾಣುವುದಿಲ್ಲ.

ನಿಮಗೆ ಬೇಕಾದ ನೋಟ ಬೇರೆ ಕಡೆ ಇನ್ನೂ ಚೆನ್ನಾಗಿ ಸಿಗಬಹುದು. ಬಯಲು, ಹುಲ್ಲು, ಜಿಂಕೆ ಬೇಕಾದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು ನೋಡಿ. ಆಕಾಶ ತೆರೆದಿರುತ್ತದೆ, ದೂರದವರೆಗೆ ಕಣ್ಣು ಹರಿಯುತ್ತದೆ, ಬೆಂಗಳೂರಿಗೂ ಹತ್ತಿರ. ರಾಣೆಬೆನ್ನೂರಿನಲ್ಲೂ ಕೃಷ್ಣಮೃಗಗಳಿವೆ. ಕರಡಿ ಬೇಕಾದರೆ ಹಂಪಿ ಹತ್ತಿರದ ದರೋಜಿ. 1994ರಲ್ಲಿ ಘೋಷಣೆಯಾದ ಕರಡಿಧಾಮ ಅದು. ಮಧ್ಯಾಹ್ನದ ಹೊತ್ತು ಬಂಡೆಗಳ ನಡುವಿನಿಂದ ಕರಡಿಗಳು ಇಳಿದು ಬರುವುದನ್ನು ಎದುರಿನ ವೀಕ್ಷಣಾ ಗೋಪುರದಿಂದ ನೋಡಬಹುದು. ಗೋಪುರ ಒಂದೇ ಕಡೆ ಇರುವುದರಿಂದ ಕೋನ ಬದಲಿಸಲು ಆಗುವುದಿಲ್ಲ. ಒಳ್ಳೆಯ ಟೆಲಿ ಲೆನ್ಸ್ ಇದ್ದವರಿಗೆ ಮಾತ್ರ ಆ ಜಾಗ.

ಆನೆಯ ಜೊತೆ ಮನುಷ್ಯರು ಒಂದೇ ಫ್ರೇಮಿನಲ್ಲಿ ಬೇಕು ಅನ್ನುವವರು ದುಬಾರೆ, ಸಕ್ರೆಬೈಲಿನಂಥ ಆನೆ ಬಿಡಾರಗಳ ಬಗ್ಗೆ ಅರಣ್ಯ ಇಲಾಖೆಯನ್ನು ಕೇಳಿ. ಆನೆಯ ಸ್ನಾನ, ಊಟ, ವಿಶ್ರಾಂತಿಯ ವೇಳೆ ಮಾವುತ ಹೇಳಿದಂತೆ. ಅದಕ್ಕೆ ತಕ್ಕಂತೆ ಶಾಟ್ ಇಟ್ಟುಕೊಳ್ಳಿ.

ಹೆಜ್ಜೆ 5: ದ್ವೀಪ ಬೇರೆಯೇ ಲೆಕ್ಕ

ಕಾಡಿನಲ್ಲಿ ಮರೆತ ಬ್ಯಾಟರಿಯನ್ನು ಜೀಪು ಕಳಿಸಿ ತರಿಸಬಹುದು. ದ್ವೀಪದಲ್ಲಿ ದೋಣಿ ಬೇಕು, ದೋಣಿಗೆ ಕಡಲು ಒಪ್ಪಬೇಕು. ಹಾಗಾಗಿ ದ್ವೀಪ ಆರಿಸುವಾಗ ಮೊದಲು ನೋಡಬೇಕಾದದ್ದು ಇಳಿಯುವ ಜಾಗ, ಸೌಂದರ್ಯವಲ್ಲ.

ಮಲ್ಪೆಯಿಂದ ಹೋಗುವ ಸೇಂಟ್ ಮೇರೀಸ್ ದ್ವೀಪವನ್ನೇ ನೋಡಿ. ಲಾವಾ ತಣಿದು ಆದ ಕಂಬದಂಥ ಕಪ್ಪು ಬಂಡೆಗಳು, ತೆಂಗಿನ ಮರಗಳು, ಸುತ್ತ ಕಡಲು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಫೋಟೊದಲ್ಲಿ ಎಲ್ಲ ಸುಲಭ ಅನ್ನಿಸುತ್ತದೆ. ಹತ್ತಿರದಿಂದ ನೋಡಿದರೆ ನೀರಿನ ಅಂಚಿನ ಬಂಡೆಗಳಿಗೆ ಪಾಚಿ ಹಿಡಿದಿರುತ್ತದೆ, ಕಾಲಿಟ್ಟರೆ ಜಾರುತ್ತದೆ. ದಡದಲ್ಲಿ ಮರಳಿಗಿಂತ ಒಡೆದ ಚಿಪ್ಪುಗಳೇ ಜಾಸ್ತಿ. ಬರಿಗಾಲಿನ ಹಾಡು ಯೋಚಿಸಿದ್ದರೆ ನಟರ ಕಾಲಿಗೆ ಗಾಯ ಖಚಿತ. ಮಧ್ಯಾಹ್ನದ ಬಿಸಿಲಿನಲ್ಲಿ ಕಪ್ಪು ಬಂಡೆಯ ಮುಂದೆ ಮುಖ ನಿಲ್ಲಿಸಿದರೆ ಎಕ್ಸ್‌ಪೋಶರ್ ಹೊಂದಿಸುವುದು ಕಷ್ಟ. ಬಂಡೆಯ ಗೆರೆಗಳು ಚೆನ್ನಾಗಿ ಮೂಡುವುದು ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ. ಆದರೆ ಅಲ್ಲಿ ರಾತ್ರಿ ಉಳಿಯುವಂತಿಲ್ಲ, ಪ್ರವಾಸಿಗರು ಸಂಜೆಯೊಳಗೆ ವಾಪಸ್ ಬರಬೇಕು. ಸೂರ್ಯಾಸ್ತದ ಶಾಟ್ ಬೇಕಿದ್ದರೆ ಜಿಲ್ಲಾಡಳಿತದ ಹತ್ತಿರ ಅದನ್ನು ಮೊದಲೇ ಬರೆದು ಕೇಳಿ. ಇಲ್ಲದಿದ್ದರೆ ಅದೇ ಸೂರ್ಯಾಸ್ತವನ್ನು ಮಲ್ಪೆಯ ದಡದಿಂದ ತೆಗೆಯಿರಿ.

ಮುರುಡೇಶ್ವರದಾಚೆಯ ನೇತ್ರಾಣಿ ನೀರೊಳಗಿನ ಚಿತ್ರೀಕರಣಕ್ಕೆ ಸರಿ. ಹವಳ, ಮೀನು ಎಲ್ಲ ಇದೆ, ಸ್ಕೂಬಾ ನಡೆಸುವವರೂ ಇದ್ದಾರೆ. ಆದರೆ ದ್ವೀಪದ ಸುತ್ತ ಕಡಿದಾದ ಬಂಡೆ, ಇಳಿದು ಕ್ಯಾಂಪ್ ಹಾಕುವ ಜಾಗವಲ್ಲ. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುವ ಜಾಗವೂ ಹೌದು. ಕಾರವಾರದ ಸುತ್ತಲಿನ ದ್ವೀಪಗಳನ್ನು ನೋಡುವವರು ಐಎನ್‌ಎಸ್ ಕದಂಬ ನೌಕಾನೆಲೆ ಅಲ್ಲೇ ಇದೆ ಅನ್ನುವುದನ್ನು ಮರೆಯಬೇಡಿ. ಅಲ್ಲಿ ಕ್ಯಾಮೆರಾ ಯಾವ ಕಡೆ ತಿರುಗಿದೆ ಅನ್ನುವುದೂ ಮುಖ್ಯ.

ಕಾಲದ ಮಾತು: ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಳೆಗಾಲದಲ್ಲಿ ಪ್ರವಾಸಿ ದೋಣಿಗಳೂ ನಿಲ್ಲುತ್ತವೆ. ಮೇ ತಿಂಗಳನ್ನೂ ನಂಬುವಂತಿಲ್ಲ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಹೇಗೆ ಬಡಿಯಿತು ನೋಡಿದ್ದೇವೆ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಬೆಳಗ್ಗೆ ಗಾಳಿ ಕಡಿಮೆ, ಕಡಲು ಶಾಂತ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುತ್ತದೆ. ಮಾತಿನ ದೃಶ್ಯಗಳನ್ನು ಬೆಳಗ್ಗೆಯೇ ಮುಗಿಸಿ, ಆಮೇಲೆ ಮೈಕಿನಲ್ಲಿ ಗಾಳಿಯೇ ಕೇಳುತ್ತದೆ.

ಉಬ್ಬರ ಇಳಿತದ ವೇಳಾಪಟ್ಟಿ ಕಾಲ್‌ಶೀಟ್‌ನಲ್ಲೇ ಇರಲಿ. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಸೋಮವಾರ ಬೆಳಗ್ಗೆ 9ಕ್ಕೆ ನಾಯಕ ಕೂತಿದ್ದ ಬಂಡೆ ಗುರುವಾರ ಅದೇ 9ಕ್ಕೆ ನೀರಿನಲ್ಲಿ ಇರಬಹುದು. ಕಂಟಿನ್ಯುಟಿ (ಶಾಟ್‌ನಿಂದ ಶಾಟ್‌ಗೆ ಎಲ್ಲ ಹೊಂದುತ್ತದಾ ಅಂತ) ನೋಡುವವರಿಗೆ ಇದನ್ನು ಮೊದಲ ದಿನವೇ ಹೇಳಿ.

ಕಡಲೇ ಬೇಕೆಂದಿಲ್ಲ. ನದಿ ದ್ವೀಪಗಳು ನಮ್ಮಲ್ಲಿ ಬೇಕಾದಷ್ಟಿವೆ. ಕುಶಾಲನಗರದ ಹತ್ತಿರದ ಕಾವೇರಿ ನಿಸರ್ಗಧಾಮಕ್ಕೆ ತೂಗುಸೇತುವೆ ದಾಟಿ ಹೋಗಬಹುದು, ಒಳಗೆ ಬಿದಿರು ಮೆಳೆಗಳಿವೆ. ಹೊನ್ನೆಮರಡುವಿನಲ್ಲಿ ಶರಾವತಿ ಹಿನ್ನೀರಿನ ದ್ವೀಪಗಳಿವೆ. ಆದರೆ ಲಿಂಗನಮಕ್ಕಿಯ ನೀರು ಇಳಿದಂತೆ ಅವುಗಳ ಆಕಾರವೇ ಬದಲಾಗುತ್ತದೆ, ಕೆಂಪು ಮಣ್ಣಿನ ಅಂಚು ತೆರೆದುಕೊಳ್ಳುತ್ತದೆ. ಒಂದು ಶೆಡ್ಯೂಲ್ ನವೆಂಬರ್‌ನಲ್ಲಿ, ಇನ್ನೊಂದು ಏಪ್ರಿಲ್‌ನಲ್ಲಿ ಇಟ್ಟುಕೊಂಡರೆ ಎರಡೂ ಹೊಂದುವುದಿಲ್ಲ.

ರಂಗನತಿಟ್ಟಿನ ಬಗ್ಗೆ ಒಂದು ಮಾತು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಆ ನಡುಗಡ್ಡೆಗಳು 2022ರಲ್ಲಿ ರಾಮ್ಸಾರ್ ಪಟ್ಟಿ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿವೆ. ಅಲ್ಲಿ ಗೂಡುಗಳ ತೀರಾ ಹತ್ತಿರ ಹೋಗಲು ಅಂಬಿಗರನ್ನು ಒತ್ತಾಯ ಮಾಡುವವರಿದ್ದಾರೆ. ದಯವಿಟ್ಟು ಬೇಡ. ತಾಯಿ ಹಕ್ಕಿ ಎದ್ದರೆ ಬಿಸಿಲಿಗೆ ಮೊಟ್ಟೆ, ಮರಿ ಸಾಯುತ್ತವೆ. ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ದೋಣಿ ವಿಹಾರ ನಿಲ್ಲುತ್ತದೆ. ಹಾಗಾಗಿ ಜುಲೈ, ಆಗಸ್ಟ್ ಇಟ್ಟುಕೊಳ್ಳಬೇಡಿ.

ಅಂಡಮಾನ್‌ಗೆ ಹೋಗುವವರು ಬುಡಕಟ್ಟು ಮೀಸಲು ಪ್ರದೇಶಗಳ ಕಡೆ ಕ್ಯಾಮೆರಾ ತಿರುಗಿಸುವ ಯೋಚನೆಯನ್ನೇ ಮಾಡಬೇಡಿ. ಜಾರವಾ ಜನರ ಫೋಟೊ, ವಿಡಿಯೊ ತೆಗೆಯುವುದು ಅಪರಾಧ. ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ ಜಾಲಿ ಬಾಯ್ ದ್ವೀಪ ಮಳೆಗಾಲದಲ್ಲಿ ಮುಚ್ಚಿರುತ್ತದೆ. ಲಕ್ಷದ್ವೀಪಕ್ಕೆ ಹೋಗಲು ಪ್ರವೇಶ ಪರವಾನಗಿ ಬೇಕೇ ಬೇಕು.

ಹೆಜ್ಜೆ 6: ರೆಕ್ಕಿಗೆ ಯಾರು, ಏನು ನೋಡಬೇಕು?

ರೆಕ್ಕಿ ಅಂದರೆ ಶೂಟಿಂಗ್‌ಗೆ ಮೊದಲು ಹೋಗಿ ಜಾಗ ನೋಡಿಕೊಂಡು ಬರುವುದು. ಡೈರೆಕ್ಟರ್, ಕ್ಯಾಮೆರಾಮನ್, ಸೌಂಡ್ ನೋಡುವವರು, ಪ್ರೊಡಕ್ಷನ್ ಮ್ಯಾನೇಜರ್. ನಾಲ್ವರು ಸಾಕು. ಸೌಂಡ್‌ನವರನ್ನು ಬಿಟ್ಟು ಹೋಗುವುದು ಕೆಟ್ಟ ರೂಢಿ. ಪ್ರವಾಸಿಗರಾಗಿ ಟಿಕೆಟ್ ತೆಗೆದುಕೊಂಡೇ ಸಫಾರಿಗೆ ಹೋಗಿ. ಶೂಟಿಂಗ್ ನಡೆಯುವ ವೇಳೆಗೇ ಹೋಗಿ.

ಮರಗಳ ನೆರಳು ಯಾವಾಗ ದಾರಿಗೆ ಬೀಳುತ್ತದೆ, ಕೊನೆಯ ಬಿಸಿಲು ಯಾವ ದಿಬ್ಬದ ಮೇಲೆ ಉಳಿಯುತ್ತದೆ ಬರೆದುಕೊಳ್ಳಿ. ಜೀಪಿನಲ್ಲಿ ಟ್ರೈಪಾಡ್ ಉಪಯೋಗಕ್ಕೆ ಬರುವುದಿಲ್ಲ. ಗಟ್ಟಿ ಬಟ್ಟೆಯ ಚೀಲಕ್ಕೆ ಅಕ್ಕಿ ತುಂಬಿ ಜೀಪಿನ ಕಂಬಿಯ ಮೇಲಿಟ್ಟು, ಅದರ ಮೇಲೆ ಲೆನ್ಸ್ ಕೂರಿಸಿ. ಎಂಜಿನ್ ಆಫ್ ಮಾಡಿಸಿದ ಮೇಲೂ ಜೀಪಿನಲ್ಲಿ ಯಾರಾದರೂ ಕಾಲು ಅಲ್ಲಾಡಿಸಿದರೆ ಫ್ರೇಮ್ ನಡುಗುತ್ತದೆ. ಚಿಕ್ಕ ತಂಡ ಅಂತ ಹೇಳುವುದು ಇದಕ್ಕೂ ಸೇರಿಸಿಯೇ.

ದ್ವೀಪದಲ್ಲಿ ಕುಡಿಯುವ ನೀರು, ನೆರಳು, ಶೌಚಾಲಯ, ಮೊಬೈಲ್ ಸಿಗ್ನಲ್, ಹತ್ತಿರದ ಆಸ್ಪತ್ರೆಗೆ ಎಷ್ಟು ಹೊತ್ತು, ಇಷ್ಟನ್ನು ನೋಡದೆ ವಾಪಸ್ ಬರಬೇಡಿ. ಮಹಿಳಾ ಕಲಾವಿದರು, ತಂತ್ರಜ್ಞರು ಬಟ್ಟೆ ಬದಲಿಸಲು ಜಾಗ ಇದೆಯಾ ಅಂತ ನೋಡುವವರು ಕಡಿಮೆ. ಅದು ಮೊದಲ ಪುಟದಲ್ಲೇ ಇರಬೇಕಾದ ವಿಷಯ. ದೋಣಿಯವರ ಜೊತೆ ಅರ್ಧ ಗಂಟೆ ಕೂತು ಮಾತಾಡಿ. "ಆ ಕಡೆ ಬ್ಯಾಡ, ಅಲ್ಲಿ ಸುಳಿ ಉಂಟು" ಅಂತ ಅವರು ಹೇಳುವ ಒಂದು ಮಾತು ಎಷ್ಟೋ ಮ್ಯಾಪ್‌ಗಿಂತ ದೊಡ್ಡದು.

ಹೆಜ್ಜೆ 7: ಅರ್ಜಿ

ಕರ್ನಾಟಕದಲ್ಲಿ ಸಂರಕ್ಷಿತ ಪ್ರದೇಶಕ್ಕೆ ಅರ್ಜಿ ಹೋಗುವುದು ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನಕ್ಕೆ, ಮುಖ್ಯ ವನ್ಯಜೀವಿ ಪರಿಪಾಲಕರ ಹೆಸರಿಗೆ. ಅಲ್ಲಿಂದ ಸ್ಥಳೀಯ ಅಧಿಕಾರಿಗಳ ಅಭಿಪ್ರಾಯ ಕೇಳುತ್ತಾರೆ. ತಿಂಗಳುಗಟ್ಟಲೆ ಸಮಯ ಇಟ್ಟುಕೊಳ್ಳಿ.

ಅರ್ಜಿಯಲ್ಲಿ "ಪ್ರಕೃತಿ ಸೌಂದರ್ಯದ ಚಿತ್ರೀಕರಣ" ಅಂತ ಮೊಗಮ್ಮಾಗಿ ಬರೆಯಬೇಡಿ. ಯಾವ ವಲಯ, ಯಾವ ದಾರಿ, ಯಾವ ದಿನ, ಎಷ್ಟು ಜನ, ಎಷ್ಟು ವಾಹನ, ಯಾವ ಕ್ಯಾಮೆರಾ, ದೃಶ್ಯದಲ್ಲಿ ಏನಿದೆ, ಏನು ಮಾಡುವುದಿಲ್ಲ ಅನ್ನುವುದನ್ನು ಬರೆಯಿರಿ. "ಜನರೇಟರ್ ಇಲ್ಲ, ಕೃತಕ ಬೆಳಕು ಇಲ್ಲ, ಜೀಪಿನಿಂದ ಇಳಿಯುವುದಿಲ್ಲ" ಅನ್ನುವ ಮೂರು ಸಾಲು ಅಧಿಕಾರಿಗೆ ನಿರ್ಧಾರ ಸುಲಭ ಮಾಡುತ್ತವೆ. ಸಾಮಾನ್ಯವಾಗಿ ಶುಲ್ಕ ದಿನದ ಲೆಕ್ಕದಲ್ಲಿರುತ್ತದೆ, ಜೊತೆಗೆ ಠೇವಣಿ. ದ್ವೀಪಕ್ಕಾದರೆ ಜಿಲ್ಲಾಡಳಿತ, ಬಂದರು ಇಲಾಖೆ, ಕರಾವಳಿ ಕಾವಲು ಪೊಲೀಸರಿಗೂ ತಿಳಿಸಬೇಕು.

ಡ್ರೋನ್‌ಗೆ ಬೇರೆ ಅಧ್ಯಾಯವೇ ಬೇಕು, ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. 2021ರ ಡ್ರೋನ್ ನಿಯಮಗಳ ಪ್ರಕಾರ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳಿವೆ. ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈನಲ್ಲಿ ಹಸಿರು ತೋರಿಸಿದರೂ ಅಭಯಾರಣ್ಯದ ಮೇಲೆ ಹಾರಿಸಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಎರಡೂ ಬೇರೆ ಬೇರೆ. ಗೂಡಿನ ಹಕ್ಕಿಗಳ ಮೇಲೆ, ಆನೆ ಹಿಂಡಿನ ಮೇಲೆ ಡ್ರೋನ್ ಬೇಡವೇ ಬೇಡ. ಅನುಮತಿ ಸಿಕ್ಕರೂ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಚಿತ್ರದಲ್ಲಿ ಪ್ರಾಣಿಯನ್ನು ನಟನೆಗೆ ಬಳಸುವುದಾದರೆ 2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮದಂತೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಪಳಗಿಸುವುದಕ್ಕೇ ನಿಷೇಧವಿದೆ. ಕಾಡಿನಲ್ಲಿ ಆಹಾರ ಇಟ್ಟು ಕರೆಯುವುದು, ಹಕ್ಕಿಯ ಕೂಗನ್ನು ಸ್ಪೀಕರ್‌ನಲ್ಲಿ ಹಾಕಿ ಎಳೆಯುವುದು ಕೂಡ ಹಿಂಸೆಯೇ.

ಹೆಜ್ಜೆ 8: ಅಲ್ಲಿನ ಜನ

ನಾಗರಹೊಳೆ ಸುತ್ತ ಜೇನುಕುರುಬರ ಹಾಡಿಗಳಿವೆ, ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಪೋಡುಗಳಿವೆ. ಅವು ಮನೆಗಳು, ಸೆಟ್ ಅಲ್ಲ. ಹಾಡಿಯ ಯಜಮಾನರನ್ನು ಮೊದಲು ಕಂಡು, ಕಥೆ ಏನು ಅಂತ ಪೂರ್ತಿ ಹೇಳಿ. ಅವರನ್ನು ಕಾಡುಮನುಷ್ಯರಂತೆ ತೋರಿಸುವ ದೃಶ್ಯ ಇದ್ದರೆ ಅದನ್ನು ಕಿತ್ತುಹಾಕಿ. ದಾರಿ ತೋರಿಸುವವರಿಗೆ, ಅಡುಗೆಯವರಿಗೆ, ದೋಣಿಯವರಿಗೆ ಕೂಲಿ ಆ ದಿನವೇ ಕೈಗೆ ಸಿಗಲಿ.

ಹೆಜ್ಜೆ 9: ಪ್ಯಾಕಪ್ ಆದ ಮೇಲೆ

ಜಾಗಕ್ಕೆ ಬರುವ ಮುನ್ನ ತೆಗೆದ ಫೋಟೊಗಳನ್ನು ಇಟ್ಟುಕೊಂಡು, ಹೊರಡುವ ಮುನ್ನ ಅದೇ ಕೋನದಿಂದ ಮತ್ತೆ ತೆಗೆಯಿರಿ. ಗ್ಯಾಫರ್ ಟೇಪಿನ ತುಂಡು, ಸಿಗರೇಟು ತುದಿ, ಮೇಕಪ್ ಹತ್ತಿ, ಬಾಟಲಿ ಮುಚ್ಚಳ, ಇವನ್ನು ಹೆಕ್ಕಲು ಇಬ್ಬರನ್ನು ಮೊದಲೇ ಹೆಸರಿಸಿ. ದ್ವೀಪದಿಂದ ಕಸ ತರಲು ದೋಣಿಯಲ್ಲಿ ಜಾಗ ಕಾದಿರಿಸಿ.

ಚಿತ್ರದಲ್ಲಿ ಜಾಗದ ಹೆಸರು ಹಾಕಬೇಕಾ ಅನ್ನುವುದನ್ನು ಸ್ಥಳೀಯ ಅರಣ್ಯಾಧಿಕಾರಿಯ ಜೊತೆ ಮಾತಾಡಿ ನಿರ್ಧರಿಸಿ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಸಾಲುಗಟ್ಟಿ ನಿಂತ ವಿಡಿಯೊ ನೋಡಿದ್ದೀರಿ ಅಲ್ವಾ, ಅದಾದ ಮೇಲೆ ಚಾರಣವನ್ನೇ ನಿಲ್ಲಿಸಿದ್ದರು. ಹೆಸರಾದ ಜಾಗವಾದರೆ ಕ್ರೆಡಿಟ್‌ನಲ್ಲಿ ಹಾಕಿ. ಯಾರಿಗೂ ಗೊತ್ತಿಲ್ಲದ ಪುಟ್ಟ ಹಳ್ಳ, ಗೂಡಿರುವ ಬಂಡೆಯಾದರೆ ಜಿಲ್ಲೆಯ ಹೆಸರು ಸಾಕು, ಮೊಬೈಲ್ ಫೋಟೊಗಳ ಲೊಕೇಶನ್ ಟ್ಯಾಗ್ ಕೂಡ ತೆಗೆಸಿ. ಅನುಮತಿ ಪತ್ರದಲ್ಲಿ ಚಿತ್ರದ ಪ್ರತಿ ಕೇಳಿದ್ದರೆ ಅದನ್ನು ಇಲಾಖೆಗೆ ತಲುಪಿಸಿ, ರಸೀದಿ ಪಡೆದು, ಠೇವಣಿ ವಾಪಸಿಗೆ ಅರ್ಜಿ ಹಾಕಿ.